ತೆರಿಗೆಮುಕ್ತ ಉಳಿತಾಯವೂ ಶ್ರಾವಕನ ಪರಿಗ್ರಹ ಪರಿಮಾಣವೂ

ಜೈನಧರ್ಮವು ಗೃಹಸ್ಥನಿಗೆ ಧನಾರ್ಜನೆಯನ್ನು ನಿಷೇಧಿಸಿಲ್ಲ. ಮುನಿಗೆ ಪರಿಗ್ರಹದ ಸಂಪೂರ್ಣ ತ್ಯಾಗವನ್ನೂ ಶ್ರಾವಕನಿಗೆ ಅದರ ಪರಿಮಾಣವನ್ನೂ ವಿಧಿಸಿ, ಎರಡು ಹಾದಿಗಳ ನಡುವಣ ಅಂತರವನ್ನು ಸ್ಪಷ್ಟಪಡಿಸಿದೆ. 13ನೆಯ ಶತಮಾನದ ಪಂಡಿತ ಆಶಾಧರನು ತನ್ನ ಸಾಗಾರಧರ್ಮಾಮೃತದಲ್ಲಿ ಗೃಹಸ್ಥಧರ್ಮಕ್ಕೆ ಅರ್ಹನಾದವನ ಲಕ್ಷಣಗಳನ್ನು ಎಣಿಸುವಾಗ, ನ್ಯಾಯದಿಂದ ಧನವನ್ನು ಗಳಿಸುವುದನ್ನೇ ಮೊದಲು ಹೇಳಿದ್ದಾನೆ. ಧನವನ್ನು ಗಳಿಸುವ ಬಗೆಯನ್ನು ಕುರಿತು ನಮ್ಮ ಸಮಾಜದಲ್ಲಿ ಸಾಕಷ್ಟು ವಿಚಾರ ನಡೆದಿದೆ. ಅದನ್ನು ದಾನ ಮಾಡುವ ಬಗೆಯನ್ನು ಕುರಿತೂ ನಡೆದಿದೆ. ಆದರೆ ಗಳಿಸಿದ ಧನವು ಗಳಿಕೆಗೂ ವಿನಿಯೋಗಕ್ಕೂ ನಡುವೆ ಹತ್ತಾರು ವರ್ಷ ಎಲ್ಲಿ ಇರುತ್ತದೆ, ಯಾರ ಕೈಯಲ್ಲಿ ಇರುತ್ತದೆ, ಯಾವ ಷರತ್ತಿನ ಮೇಲೆ ಇರುತ್ತದೆ ಎಂಬ ವಿಷಯವನ್ನು ಕೇವಲ ಲೆಕ್ಕಪತ್ರದ ಸಂಗತಿಯೆಂದು ಭಾವಿಸಿ ಬಿಟ್ಟುಬಿಡುವುದು ವಾಡಿಕೆ. ಅದು ಧರ್ಮದ ಸಂಗತಿಯೂ ಹೌದು.

ಹಾಸನಕ್ಕೆ ಸಮೀಪದ ಕೊರವಂಗಲದಂಥ ಊರಿನ ಒಂದು ಸಾಧಾರಣ ಶ್ರಾವಕ ಕುಟುಂಬವನ್ನು ಉದಾಹರಣೆಗಾಗಿ ಭಾವಿಸಬಹುದು. ತಂದೆಗೆ ಒಂದು ಸಣ್ಣ ದಿನಸಿ ಅಂಗಡಿ, ಸ್ವಲ್ಪ ಆಲೂಗಡ್ಡೆಯ ಬೇಸಾಯ. ಬೆಳೆಗೆ ಅಂಗಮಾರಿ ತಗುಲಿದ ಒಂದು ವರ್ಷ ಅವರು ಕೈಸಾಲ ಮಾಡಿದ್ದಾರೆ. ಅರುವತ್ತು ಸಾವಿರ ರೂಪಾಯಿ ಅಸಲು ಇನ್ನೂ ಉಳಿದಿದೆ, ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ. ಮಗಳು ಪದವಿ ಮುಗಿಸಿ ಹಾಸನದ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾಳೆ. ತಿಂಗಳಿಗೆ 22,000 ರೂಪಾಯಿ ಸಂಬಳ. ಮನೆಗೆ ಕೊಟ್ಟು, ಬಸ್ಸಿನ ಖರ್ಚು ಕಳೆದು, ಆರು ಸಾವಿರ ಮಿಗುತ್ತದೆ. ಫೆಬ್ರವರಿ ಬಂದೊಡನೆ ಹಿತೈಷಿಗಳು ಒಬ್ಬೊಬ್ಬರಾಗಿ ಬಂದು ಹೇಳುತ್ತಾರೆ: ಮಾರ್ಚ್ 31ರ ಒಳಗೆ ತೆರಿಗೆಮುಕ್ತ ಖಾತೆಯೊಂದನ್ನು ತೆರೆಯದಿದ್ದರೆ ನಷ್ಟ. ಒಬ್ಬರು ಅಂಚೆ ಕಚೇರಿಯನ್ನು ತೋರಿಸುತ್ತಾರೆ, ಇನ್ನೊಬ್ಬರು ಮ್ಯೂಚುವಲ್ ಫಂಡನ್ನು, ಮತ್ತೊಬ್ಬರು ವಿಮೆಯ ಪಾಲಿಸಿಯನ್ನು. ಆ ಹುಡುಗಿಗೆ ಯಾವುದು ಶ್ರೇಯಸ್ಕರ ಎಂಬುದೇ ಇಲ್ಲಿಯ ಪ್ರಶ್ನೆ. ಪ್ರಶ್ನೆ ಸಣ್ಣದಾಗಿ ಕಂಡರೂ ಅದರೊಳಗೆ ಅಸ್ತೇಯ, ಅಪರಿಗ್ರಹ, ಅಹಿಂಸೆ ಎಂಬ ಮೂರು ವ್ರತಗಳ ವಿಚಾರ ಅಡಗಿದೆ.

ಉಳಿತಾಯವೇ ಪರಿಗ್ರಹವಲ್ಲವೇ?

ಮೊದಲು ಒಂದು ಆಕ್ಷೇಪವನ್ನು ಪರಿಶೀಲಿಸಬೇಕು. ಸಂಗ್ರಹವೇ ದೋಷವೆಂದ ಮೇಲೆ ಹದಿನೈದು ವರ್ಷ ಹಣವನ್ನು ಕೂಡಿಡುವ ಖಾತೆಯಲ್ಲಿ ಆಯ್ಕೆಯ ಮಾತೇಕೆ? ಇದಕ್ಕೆ ಉತ್ತರವು ತತ್ತ್ವಾರ್ಥಸೂತ್ರದಲ್ಲಿಯೇ ಇದೆ. ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುವಿನಿಂದ ನಿರೂಪಿಸದೆ ಮೂರ್ಛೆಯಿಂದ, ಎಂದರೆ ಮಮತ್ವದಿಂದ, ನಿರೂಪಿಸಿದ್ದಾರೆ. ಬರಿಗೈಯವನ ಮನಸ್ಸಿನಲ್ಲಿಯೂ ಮಹಾಪರಿಗ್ರಹವಿರಬಹುದು. ಕುಟುಂಬ ಪೋಷಣೆಗಾಗಿ ಕೂಡಿಟ್ಟವನ ಮನಸ್ಸು ಹಗುರವಾಗಿರಬಹುದು.

ಕ್ರಿ.ಶ. 959ರಲ್ಲಿ ಯಶಸ್ತಿಲಕವನ್ನು ಮುಗಿಸಿದ ಸೋಮದೇವಸೂರಿಯು ತನ್ನ ನೀತಿವಾಕ್ಯಾಮೃತದಲ್ಲಿ ಅರ್ಥಕ್ಕೆ ಶತ್ರುಗಳಾದ ಮೂವರನ್ನು ಹೆಸರಿಸುತ್ತಾನೆ. ಬಂದದ್ದನ್ನೆಲ್ಲ ಅಂದಂದೇ ವ್ಯಯಿಸುವವನು ತಾದಾತ್ವಿಕ. ಪಿತ್ರಾರ್ಜಿತವನ್ನು ತಿಂದು ಮುಗಿಸುವವನು ಮೂಲಹರ. ತನ್ನನ್ನೂ ಆಶ್ರಿತರನ್ನೂ ಪೀಡಿಸಿ ಹಣವನ್ನು ಕೂಡಿಹಾಕುವವನು ಕದರ್ಯ. ಈ ವರ್ಗೀಕರಣದ ವಿವೇಕವನ್ನು ಗಮನಿಸಬೇಕು. ಉಳಿಸದವನೂ ದೋಷಿ, ಉಳಿಸುವುದಕ್ಕಾಗಿಯೇ ಬದುಕುವವನೂ ದೋಷಿ. ಆದಾಯವನ್ನು ನಾಲ್ಕು ಪಾಲು ಮಾಡಿ ಒಂದನ್ನು ನಿಧಿಯಾಗಿಯೂ, ಒಂದನ್ನು ವ್ಯಾಪಾರದ ಬಂಡವಾಳಕ್ಕೂ, ಒಂದನ್ನು ಧರ್ಮ ಮತ್ತು ಉಪಭೋಗಕ್ಕೂ, ಒಂದನ್ನು ಆಶ್ರಿತರ ಪೋಷಣೆಗೂ ಇಡಬೇಕೆಂದು ಪ್ರಾಚೀನ ನೀತಿಕಾರರು ಹೇಳಿದ್ದುಂಟು. ಅಂಕಗಣಿತದ ಕಟ್ಟಳೆಯಾಗಿ ಇದು ಇಂದಿನ ಸಂಬಳಗಾರನಿಗೆ ಹೊಂದದೆ ಇರಬಹುದು. ಆದರೂ ನಿಧಿಗೆ ಒಂದು ಪಾಲು ಮಾತ್ರವೇ ಸಲ್ಲುತ್ತದೆ, ಉಳಿದ ಮೂರು ಪಾಲುಗಳಿಗೆ ಬೇರೆ ಹಕ್ಕುದಾರರಿದ್ದಾರೆ ಎಂಬ ತತ್ತ್ವ ಎಂದಿಗೂ ಸಲ್ಲುವಂಥದು.

ಮಾನ್ಯ ಎಂಬ ಮಾತಿನ ಅರ್ಥ

ತೆರಿಗೆಯಿಂದ ವಿನಾಯಿತಿ ಎಂಬುದು ಈ ನಾಡಿಗೆ ಹೊಸದಲ್ಲ. ಕೊರವಂಗಲದಲ್ಲಿಯೇ ಇಮ್ಮಡಿ ಬಲ್ಲಾಳನ ಪಟ್ಟಾಭಿಷೇಕದ ಕಾಲದಲ್ಲಿ, 1173ರಲ್ಲಿ, ಬೂಚಿರಾಜನೆಂಬ ಅಧಿಕಾರಿ ಕಟ್ಟಿಸಿದ ಬೂಚೇಶ್ವರ ದೇವಾಲಯ ನಿಂತಿದೆ. ಇದೇ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಒಂದನೆಯ ನರಸಿಂಹನ ಭಂಡಾರಿಯಾಗಿದ್ದ ಹುಳ್ಳರಾಜನು 1159ರಲ್ಲಿ ಭಂಡಾರಿ ಬಸದಿಯನ್ನು ಕಟ್ಟಿಸಿದನು. ಅರಸನು ಆ ಬಸದಿಗೆ ಸವಣೇರು ಗ್ರಾಮವನ್ನು ದತ್ತಿಯಾಗಿ ಕೊಟ್ಟನು. ಹೊಯ್ಸಳ ನಾಡಿನ ಶಾಸನಗಳನ್ನು ಓದುವವರಿಗೆ ಮಾನ್ಯ, ಸರ್ವಮಾನ್ಯ, ಸರ್ವಬಾಧಾಪರಿಹಾರ ಎಂಬ ಮಾತುಗಳು ಮತ್ತೆ ಮತ್ತೆ ಎದುರಾಗುತ್ತವೆ. ಅರಸನು ತನಗೆ ಸಲ್ಲಬೇಕಾದ ತೆರಿಗೆಯನ್ನು ಬಿಟ್ಟುಕೊಡುತ್ತಿದ್ದನು. ಆದರೆ ಕಾರಣವಿಲ್ಲದೆ ಬಿಟ್ಟುಕೊಡುತ್ತಿರಲಿಲ್ಲ. ಬಿಟ್ಟ ತೆರಿಗೆ ಇಂಥ ಕಾರ್ಯಕ್ಕೆ ಸಲ್ಲತಕ್ಕದ್ದೆಂದು, ಋಷಿಯರ ಆಹಾರದಾನಕ್ಕೆಂದು, ಜೀರ್ಣೋದ್ಧಾರಕ್ಕೆಂದು, ನಿತ್ಯಪೂಜೆಗೆಂದು, ಶಾಸನವು ನಿಶ್ಚಯಿಸುತ್ತಿತ್ತು. ಅದನ್ನು ಅಳಿದವನಿಗೆ ಕೊನೆಯ ಸಾಲುಗಳಲ್ಲಿ ಶಾಪವಿರುತ್ತಿತ್ತು. ವಿನಾಯಿತಿಯನ್ನು ಪಡೆದವನು ಒಂದು ಹೊಣೆಯನ್ನೂ ಪಡೆದವನಾಗುತ್ತಿದ್ದನು.

ತೆರಿಗೆಯನ್ನು ಮನಃಪೂರ್ವಕವಾಗಿ ತೆತ್ತ ದೃಷ್ಟಾಂತವೂ ಅಲ್ಲಿಯೇ ಇದೆ. ವಿಜಯನಗರದ ಬುಕ್ಕರಾಯನ 1368ರ ಬೆಳಗೊಳದ ಶಾಸನವನ್ನು ಮತಸಾಮರಸ್ಯದ ದಾಖಲೆಯೆಂದು ಎಲ್ಲರೂ ಬಲ್ಲರು. ರಾಜ್ಯದ ಜೈನರು ಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡತಕ್ಕದ್ದೆಂದೂ, ಆ ಹಣದಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸಿ, ಮಿಕ್ಕದ್ದರಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸತಕ್ಕದ್ದೆಂದೂ ಅದರಲ್ಲಿ ಏರ್ಪಾಡಾಗಿರುವುದನ್ನು ನೆನೆಯುವವರು ವಿರಳ. ತೆರುವುದೂ ತೆರಿಗೆಯಿಂದ ಬಿಡುಗಡೆ ಪಡೆಯುವುದೂ ಎರಡೂ ಲೋಕಹಿತಕ್ಕಾಗಿ ಎಂಬ ತಿಳಿವಳಿಕೆ ಆ ಕಾಲದ ಶ್ರಾವಕರಿಗಿತ್ತು.

ಇಂದಿನ ವಿನಾಯಿತಿಯ ಹಿಂದೆಯೂ ಇಂಥದೇ ಒಡಂಬಡಿಕೆ ಇದೆ. ಪ್ರಜೆಯು ವೃದ್ಧಾಪ್ಯದಲ್ಲಿ ಪರಾವಲಂಬಿಯಾಗದಿರಲಿ, ದೇಶದ ಕಾರ್ಯಗಳಿಗೆ ದೀರ್ಘಕಾಲದ ಬಂಡವಾಳ ದೊರೆಯಲಿ ಎಂಬ ಉದ್ದೇಶದಿಂದ ಸರ್ಕಾರವು ಬೊಕ್ಕಸಕ್ಕೆ ಬರಬೇಕಾದ ಒಂದು ಭಾಗವನ್ನು ಬಿಟ್ಟುಕೊಡುತ್ತದೆ. ಆ ಭಾಗ ಉಳಿದೆಲ್ಲ ಪ್ರಜೆಗಳದು. ಆದುದರಿಂದ ತೆರಿಗೆಮುಕ್ತ ಬಡ್ಡಿಯನ್ನು ಪಡೆಯುವವನು ಜಾಣತನದಿಂದ ಗೆದ್ದವನೆಂದು ತನ್ನನ್ನು ತಾನು ಭಾವಿಸುವುದು ಸಲ್ಲದು. ಅವನು ಮಾನ್ಯವನ್ನು ಪಡೆದವನು.

ಖಾತೆಗಳ ಸ್ವರೂಪ

ಹೊಸಬರಿಗೆ ಮುಖ್ಯವಾಗಿ ಎದುರಾಗುವ ಖಾತೆಗಳನ್ನು ಸಂಕ್ಷೇಪವಾಗಿ ತಿಳಿಯುವುದು ಒಳ್ಳೆಯದು. ಪಿ.ಪಿ.ಎಫ್. ಎಂದು ಜನರು ಕರೆಯುವ ಸಾರ್ವಜನಿಕ ಭವಿಷ್ಯ ನಿಧಿ 1968ರಲ್ಲಿ ಆರಂಭವಾಯಿತು. 2019ರಲ್ಲಿ ಅದರ ನಿಯಮಗಳನ್ನು ಹೊಸದಾಗಿ ರಚಿಸಲಾಯಿತು. ವರ್ಷಕ್ಕೆ ಕನಿಷ್ಠ 500 ರೂಪಾಯಿ, ಗರಿಷ್ಠ ಒಂದೂವರೆ ಲಕ್ಷ ಕಟ್ಟಬಹುದು. ಖಾತೆ ತೆರೆದ ಆರ್ಥಿಕ ವರ್ಷದ ಕೊನೆಯಿಂದ 15 ವರ್ಷದ ಅವಧಿ; ಬಳಿಕ ಐದೈದು ವರ್ಷ ಮುಂದುವರಿಸಬಹುದು. ಐದು ವರ್ಷ ಕಳೆದ ಮೇಲೆ ಒಂದು ಭಾಗವನ್ನು ಹಿಂದಕ್ಕೆ ಪಡೆಯಲು ಅವಕಾಶವಿದೆ. ಬಡ್ಡಿಯನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. 1990ರ ದಶಕದಲ್ಲಿ ನೂರಕ್ಕೆ 12 ಇದ್ದದ್ದು 2020ರ ಏಪ್ರಿಲ್‌ನಲ್ಲಿ 7.1ಕ್ಕೆ ಇಳಿಯಿತು, 2025ರಲ್ಲಿಯೂ ಅಷ್ಟೇ ಇದ್ದಿತು. ಪ್ರತಿ ತಿಂಗಳು 5ನೆಯ ತಾರೀಖಿನಿಂದ ತಿಂಗಳ ಕೊನೆಯವರೆಗಿನ ಕನಿಷ್ಠ ಶಿಲ್ಕಿನ ಮೇಲೆ ಬಡ್ಡಿಯನ್ನು ಲೆಕ್ಕ ಹಾಕುವುದರಿಂದ, ಕಟ್ಟುವವರು 5ರ ಒಳಗೆ ಕಟ್ಟುವುದು ಲೇಸು. 2020ರಿಂದ ಹಳ್ಳಿಯ ಶಾಖಾ ಅಂಚೆ ಕಚೇರಿಗಳಲ್ಲಿಯೂ ಈ ಖಾತೆಯನ್ನು ತೆರೆಯುವ ಸೌಲಭ್ಯವಿದೆ.

ಹತ್ತು ವರ್ಷದೊಳಗಿನ ಹೆಣ್ಣುಮಗುವಿನ ಹೆಸರಿನಲ್ಲಿ ತೆರೆಯುವ ಸುಕನ್ಯಾ ಸಮೃದ್ಧಿ ಖಾತೆ 2015ರಲ್ಲಿ ಬಂದಿತು. ವರ್ಷಕ್ಕೆ 250 ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ 15 ವರ್ಷ ಕಟ್ಟಬೇಕು. 21 ವರ್ಷಕ್ಕೆ ಖಾತೆ ಪಕ್ವವಾಗುತ್ತದೆ. ಮಗಳ ಉನ್ನತ ವಿದ್ಯಾಭ್ಯಾಸಕ್ಕೆ ಅರ್ಧದವರೆಗೆ ಮೊದಲೇ ಪಡೆಯಬಹುದು. ಇವೆರಡರ ಬಡ್ಡಿಗೂ ತೆರಿಗೆ ಇಲ್ಲ. ಐದು ವರ್ಷದ ತೆರಿಗೆ ಉಳಿತಾಯ ಠೇವಣಿಯ ವಿಷಯ ಹಾಗಲ್ಲ: ಅದರ ಬಡ್ಡಿ ತೆರಿಗೆಗೆ ಒಳಪಡುತ್ತದೆ. ತೆರಿಗೆ ಉಳಿಸುವ ಮ್ಯೂಚುವಲ್ ಫಂಡುಗಳಲ್ಲಿ ಹಣವನ್ನು ಮೂರು ವರ್ಷ ತೆಗೆಯುವಂತಿಲ್ಲ. ಅವು ಷೇರುಪೇಟೆಯ ಏರಿಳಿತಕ್ಕೆ ಒಳಪಟ್ಟಿವೆ. 2018ರ ಏಪ್ರಿಲ್‌ನಿಂದ ಅವುಗಳ ಲಾಭವೂ ಒಂದು ಮಿತಿಯ ಮೇಲೆ ತೆರಿಗೆಗೆ ಸೇರಿದೆ. ಹೀಗೆ ತೆರಿಗೆಮುಕ್ತ ಎಂಬ ಒಂದೇ ಮಾತಿನ ಕೆಳಗೆ ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ.

ಇನ್ನೊಂದು ಸಂಗತಿಯನ್ನು ಹಿತೈಷಿಗಳು ಹೇಳುವುದಿಲ್ಲ. 80ಸಿ ಎಂದು ಜನರು ಬಲ್ಲ ಕಡಿತ 2020ರಲ್ಲಿ ಜಾರಿಗೆ ಬಂದ ಹೊಸ ತೆರಿಗೆ ಪದ್ಧತಿಯಲ್ಲಿ ದೊರೆಯುವುದಿಲ್ಲ; 2023-24ರಿಂದ ಆ ಪದ್ಧತಿಯೇ ಸಾಮಾನ್ಯ ಪದ್ಧತಿಯಾಗಿದೆ. ಅದರಲ್ಲಿ 2025-26ನೆಯ ಸಾಲಿನಿಂದ 12 ಲಕ್ಷ ರೂಪಾಯಿವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆ ಬೀಳದಂತೆ ರಿಯಾಯಿತಿ ಕೊಡಲಾಯಿತು. ಎಂದರೆ ವರ್ಷಕ್ಕೆ 2,64,000 ರೂಪಾಯಿ ಸಂಬಳದ ಕೊರವಂಗಲದ ಹುಡುಗಿಗೆ ಉಳಿಸಲು ತೆರಿಗೆಯೇ ಇಲ್ಲ. ಮಾರ್ಚ್ 31ರ ಆತುರವೂ ಅವಳದಲ್ಲ. ಸೆಸ್ ಸೇರಿ ನೂರಕ್ಕೆ 31.2ರಂತೆ ತೆರಿಗೆ ಕಟ್ಟುವ ಸಿರಿವಂತನಿಗೆ ಮಾತ್ರ ತೆರಿಗೆಮುಕ್ತವಾದ 7.1ರ ಬಡ್ಡಿಯು ತೆರಿಗೆ ಬೀಳುವ 10.3ರ ಬಡ್ಡಿಗೆ ಸಮನಾಗುತ್ತದೆ. ಒಂದೇ ಮಾನ್ಯವು ಉಳ್ಳವನಿಗೆ ಹೆಚ್ಚನ್ನು, ಇಲ್ಲದವನಿಗೆ ಕಡಿಮೆಯನ್ನು ಕೊಡುತ್ತದೆ. ಇದು ಕಾಯಿದೆಯ ಸ್ವಭಾವ. ಹೆಚ್ಚು ಪಡೆದವನ ಹೊಣೆ ಹೆಚ್ಚು ಎಂಬುದು ಧರ್ಮದ ತೀರ್ಮಾನ.

ಈ ಹಣ ಯಾರದು?

ಆದುದರಿಂದ ಯಾವ ಖಾತೆ ಎಂದು ಕೇಳುವ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಮೊದಲನೆಯದು, ಇಡಲು ಹೊರಟ ಹಣ ಯಾರದು ಎಂಬುದು. ಮನೆಯ ಮೇಲೆ ಸಾಲವಿರುವಾಗ ಕೈಯಲ್ಲಿರುವ ಮಿಗತೆ ನಿಜವಾಗಿ ಮಿಗತೆಯಲ್ಲ. ಲೆಕ್ಕವೂ ಅದನ್ನೇ ಹೇಳುತ್ತದೆ. 24,000 ರೂಪಾಯಿಯನ್ನು ಭವಿಷ್ಯ ನಿಧಿಯಲ್ಲಿ ಇಟ್ಟರೆ ವರ್ಷಕ್ಕೆ 1,704 ರೂಪಾಯಿ ಬಡ್ಡಿ ಬರುತ್ತದೆ. ಅದೇ 24,000 ರೂಪಾಯಿ ಕೈಸಾಲವಾಗಿ ಉಳಿದರೆ ನೂರಕ್ಕೆ ಎರಡರ ದರದಲ್ಲಿ ವರ್ಷಕ್ಕೆ 5,760 ರೂಪಾಯಿ ತೆರಬೇಕಾಗುತ್ತದೆ. ಮಗಳ ಪಾಸ್ ಪುಸ್ತಕದಲ್ಲಿ ಅಂಕಿ ಬೆಳೆಯುತ್ತಿರುವಾಗ ತಂದೆಯ ಬೆನ್ನಿನ ಮೇಲೆ ಅದರ ಮೂರು ಪಟ್ಟಿಗೂ ಮೀರಿದ ಭಾರ ಬೆಳೆಯುತ್ತದೆ. ತಂದೆ ಬಾಯಿಬಿಟ್ಟು ಕೇಳದಿರಬಹುದು. ಕೇಳಲಿಲ್ಲವೆಂಬ ಕಾರಣಕ್ಕೆ ಸಾಲ ಇಲ್ಲದಂತಾಗುವುದಿಲ್ಲ.

ಭವಿಷ್ಯ ನಿಧಿಯ ಹಣವನ್ನು ಸಾಲಗಾರರ ದಾವೆಯ ಮೇಲೆ ನ್ಯಾಯಾಲಯ ಜಪ್ತಿ ಮಾಡುವಂತಿಲ್ಲ ಎಂಬ ರಕ್ಷಣೆಯೊಂದು ನಿಯಮದಲ್ಲಿದೆ. ಕಷ್ಟಕ್ಕೆ ಸಿಕ್ಕ ಕುಟುಂಬದ ಕೊನೆಯ ಆಸರೆ ಉಳಿಯಲಿ ಎಂಬ ಕರುಣೆ ಅದರಲ್ಲಿದೆ. ಆದರೆ ವ್ಯಾಪಾರದಲ್ಲಿ ಹತ್ತಾರು ಜನರಿಗೆ ಕೊಡಬೇಕಾದದ್ದನ್ನು ಉಳಿಸಿಕೊಂಡು, ಅವರ ಕೈಗೆ ಸಿಗದಂತೆ ವರ್ಷವರ್ಷವೂ ಈ ಖಾತೆಯನ್ನು ತುಂಬುವ ವರ್ತಕನೂ ಉಂಟು. ಕಾಯಿದೆ ಅವನನ್ನು ಮುಟ್ಟಲಾರದು. ಅಚೌರ್ಯಾಣುವ್ರತದ ದೃಷ್ಟಿಯಲ್ಲಿ ಅವನ ಖಾತೆಯಲ್ಲಿರುವುದು ಪರಧನ.

ಅಚೌರ್ಯವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಒಂದೆಂಬುದನ್ನು ಇಲ್ಲಿ ನೆನೆಯಬೇಕು. ರಾಜ್ಯದ ಕಟ್ಟಳೆಯನ್ನು ಮೀರಿ ಲಾಭ ಪಡೆಯುವುದನ್ನು ಆಚಾರ್ಯರು ಕಳ್ಳತೂಕ, ಕಲಬೆರಕೆ, ಕದ್ದ ಮಾಲಿನ ಖರೀದಿಗಳ ಸಾಲಿನಲ್ಲಿಯೇ ಇಟ್ಟಿದ್ದಾರೆ. ಒಬ್ಬನಿಗೆ ಒಂದೇ ಖಾತೆ ಎಂದಿರುವಾಗ ಅಂಚೆಯಲ್ಲೊಂದು ಬ್ಯಾಂಕಿನಲ್ಲೊಂದು ತೆರೆಯುವುದು, ತನ್ನ ಮತ್ತು ಅಪ್ರಾಪ್ತ ಮಗುವಿನ ಖಾತೆಗಳೆರಡೂ ಸೇರಿ ಒಂದೂವರೆ ಲಕ್ಷದ ಮಿತಿ ಎಂದಿರುವಾಗ ಅದನ್ನು ಮರೆಮಾಚುವುದು, ಇವೆಲ್ಲ ಈ ಅತಿಚಾರದ ಹೊಸ ರೂಪಗಳು. 2024ರ ಅಕ್ಟೋಬರ್ 1ರಿಂದ ಇಂಥ ಹೆಚ್ಚುವರಿ ಖಾತೆಗಳನ್ನು ಸರಿಪಡಿಸುವ ನಿಯಮಗಳು ಬಂದು, ಮಿತಿ ಮೀರಿದ ಹಣಕ್ಕೆ ಬಡ್ಡಿ ಇಲ್ಲದಂತಾಯಿತು. ಸಿಕ್ಕಿಬೀಳುವ ಭಯದಿಂದ ಬಿಟ್ಟದ್ದು ವ್ರತವಾಗದು. ಮಾನ್ಯದ ಗಡಿಗಲ್ಲನ್ನು ರಾತ್ರಿ ಕಿತ್ತು ಆಚೆ ನೆಡುವುದಕ್ಕೂ ಇದಕ್ಕೂ ಭೇದವಿಲ್ಲ ಎಂದು ತಿಳಿದು ಬಿಟ್ಟರೆ ಅದು ವ್ರತ.

ಎಷ್ಟು ಸಾಕು?

ಎರಡನೆಯ ಪ್ರಶ್ನೆ ಪರಿಮಾಣದ್ದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಮಿತ ಪರಿಗ್ರಹಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನು ಕೊಟ್ಟಿದ್ದಾರೆ. ಅಳತೆ ಬೇಕಾದುದು ಮೊದಲು ಇಚ್ಛೆಗೆ. ಈ ವ್ರತದ ದೋಷಗಳಲ್ಲಿ ಅವರು ಅತಿಸಂಗ್ರಹ, ಅತಿಲೋಭಗಳ ಜೊತೆಗೆ ವಿಸ್ಮಯವನ್ನೂ ಹೇಳಿದ್ದಾರೆ. ಪರರ ಸಂಪತ್ತನ್ನು ಕಂಡು ಬೆರಗಾಗಿ ಒಳಗೇ ಕುದಿಯುವುದು ಆ ವಿಸ್ಮಯ. ನೆರೆಯವನ ಫಂಡು ಒಂದು ವರ್ಷದಲ್ಲಿ ನೂರಕ್ಕೆ ಮೂವತ್ತು ಬೆಳೆಯಿತೆಂದು ಕೇಳಿ ರಾತ್ರಿ ನಿದ್ದೆಗೆಡುವ ಹೊಸ ಹೂಡಿಕೆದಾರನಿಗೆ ಇದಕ್ಕಿಂತ ಸರಿಯಾದ ಹೆಸರು ಬೇರೆ ಇಲ್ಲ.

ಹಿಂದಿನವರು ಹೊಲ, ಮನೆ, ಬೆಳ್ಳಿ, ಬಂಗಾರ, ಪಶು, ಧಾನ್ಯಗಳಿಗೆ ಮಿತಿ ಹಾಕಿಕೊಳ್ಳುತ್ತಿದ್ದರು. ಇಂದು ಆ ಪಟ್ಟಿಗೆ ಖಾತೆ, ಷೇರು, ಠೇವಣಿಗಳನ್ನೂ ಸೇರಿಸಬೇಕು. ಇಲ್ಲಿ ಒಂದು ವ್ಯಾವಹಾರಿಕ ತೊಡಕಿದೆ. ರೂಪಾಯಿಯ ಅಂಕಿಯಲ್ಲಿ ಮಿತಿ ಹಾಕಿಕೊಂಡರೆ ಬೆಲೆಯೇರಿಕೆಯಿಂದ ಆ ಅಂಕಿ ಅರ್ಥಹೀನವಾಗುತ್ತದೆ. ವರ್ಷಕ್ಕೆ 24,000 ರೂಪಾಯಿಯನ್ನು ಪ್ರತಿ ಏಪ್ರಿಲ್ ಮೊದಲಲ್ಲಿ 15 ವರ್ಷ ಕಟ್ಟಿದರೆ, ದರ 7.1 ಆಗಿಯೇ ಉಳಿದ ಪಕ್ಷದಲ್ಲಿ, 3,60,000 ರೂಪಾಯಿ ಸುಮಾರು ಆರೂವರೆ ಲಕ್ಷವಾಗುತ್ತದೆ. ಬೆಲೆಗಳು ವರ್ಷಕ್ಕೆ ನೂರಕ್ಕೆ ಐದರಂತೆ ಏರಿದರೆ ಆ ಆರೂವರೆ ಲಕ್ಷದ ಕೊಳ್ಳುವ ಶಕ್ತಿ ಇಂದಿನ ಮೂರು ಲಕ್ಷ ಹದಿಮೂರು ಸಾವಿರದಷ್ಟೇ. ಉಳಿತಾಯದಿಂದ ಯಾರೂ ಕುಬೇರರಾಗುವುದಿಲ್ಲ ಎಂಬ ಸತ್ಯವನ್ನು ಹೊಸಬರಿಗೆ ಮೊದಲ ದಿನವೇ ಹೇಳಬೇಕು.

ಆದುದರಿಂದ ಮಿತಿಯನ್ನು ರೂಪಾಯಿಯಲ್ಲಿ ಹಾಕುವ ಬದಲು, ಸರಳವಾದ ಸಂಸಾರದ ಇಷ್ಟು ವರ್ಷಗಳ ಖರ್ಚು, ತಂದೆತಾಯಿಯ ಔಷಧೋಪಚಾರ, ಒಂದು ವಾಸದ ಮನೆ, ಮಕ್ಕಳ ವಿದ್ಯೆ ಎಂದು ಉದ್ದೇಶದಲ್ಲಿ ಹಾಕಿಕೊಳ್ಳುವುದು ಯುಕ್ತ. ಸಂಸಾರದ ಖರ್ಚೇ ವರ್ಷವರ್ಷ ಬೆಳೆದು ಮಿತಿಯನ್ನೂ ಜೊತೆಗೆ ಎಳೆದೊಯ್ಯುವ ಅಪಾಯ ಇದರಲ್ಲಿ ಇದ್ದೇ ಇದೆ. ಅದಕ್ಕಾಗಿ ದಶಲಕ್ಷಣ ಪರ್ವದಲ್ಲಿ ಉತ್ತಮ ಆಕಿಂಚನ್ಯದ ದಿನ ಬರುತ್ತದೆ. ಆ ದಿನ ಪೂಜೆ ಮುಗಿಸಿ ಬಂದವರು ಪಾಸ್ ಪುಸ್ತಕವನ್ನು ತೆರೆದು, ಯಾವ ಉದ್ದೇಶಕ್ಕೆ ಇಟ್ಟದ್ದು, ಆ ಉದ್ದೇಶ ಇನ್ನೂ ಉಳಿದಿದೆಯೇ, ಮಿತಿ ಮುಟ್ಟಿದೆಯೇ ಎಂದು ನೋಡಿಕೊಳ್ಳುವ ಪದ್ಧತಿಯನ್ನು ಮನೆಮನೆಯಲ್ಲಿ ಆರಂಭಿಸಿದರೆ ಪರ್ವಕ್ಕೆ ಹೊಸ ಸಾರ್ಥಕ್ಯ ಬರುತ್ತದೆ. ಸರ್ಕಾರವೇ ವರ್ಷಕ್ಕೆ ಒಂದೂವರೆ ಲಕ್ಷವೆಂಬ ಮಿತಿಯನ್ನು ಹಾಕಿರುವುದನ್ನು ಹಲವರು ಅಡ್ಡಿಯೆಂದು ದೂರುತ್ತಾರೆ. ವ್ರತಿಕನಿಗೆ ಅದು ಹೊರಗಿನಿಂದ ದೊರೆತ ಒಂದು ನೆನಪು.

ಹಣ ಎಲ್ಲಿ ಹೋಗಿ ದುಡಿಯುತ್ತದೆ?

ಮೂರನೆಯ ಪ್ರಶ್ನೆ ಅಹಿಂಸೆಗೆ ಸಂಬಂಧಿಸಿದ್ದು. ಪೆಟ್ಟಿಗೆಯಲ್ಲಿಟ್ಟ ಹಣ ಸುಮ್ಮನಿರುತ್ತದೆ. ಖಾತೆಯಲ್ಲಿಟ್ಟ ಹಣ ಎಲ್ಲಿಯೋ ದುಡಿಯುತ್ತದೆ. ಕರ್ಮಬಂಧವು ಕೃತ, ಕಾರಿತ, ಅನುಮೋದನೆ ಎಂಬ ಮೂರು ವಿಧದಿಂದಲೂ ಆಗುತ್ತದೆ ಎಂದು ಬಲ್ಲ ಸಮಾಜವು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರದು. ಹಾಸನ ಜಿಲ್ಲೆಯಲ್ಲಿ ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಅರಕಲಗೂಡು ತಾಲ್ಲೂಕಿನಲ್ಲಿ ಹೊಗೆಸೊಪ್ಪು ಬೆಳೆಯುತ್ತದೆ, ರಾಮನಾಥಪುರದಲ್ಲಿ ಅದರ ಹರಾಜು ನಡೆಯುತ್ತದೆ. ತನ್ನ ಹೊಲದಲ್ಲಿ ಹೊಗೆಸೊಪ್ಪು ಬೆಳೆಯಲು ಒಪ್ಪದ, ತನ್ನ ಅಂಗಡಿಯಲ್ಲಿ ಬೀಡಿ ಸಿಗರೇಟನ್ನು ಇಡದ ಶ್ರಾವಕನು ಸಿಗರೇಟು, ಮದ್ಯ ಅಥವಾ ಚರ್ಮದ ಕಂಪನಿಯ ಷೇರನ್ನು ಒಳಗೊಂಡ ಫಂಡಿಗೆ ತಿಂಗಳು ತಿಂಗಳು ಹಣ ಕಟ್ಟುತ್ತಿದ್ದರೆ, ಅಂಗಡಿಯ ಹಿಂಬಾಗಿಲಿನಿಂದ ಅದೇ ಮಾಲನ್ನು ಮಾರಿದಂತಾಗುವುದಿಲ್ಲವೇ? ಫಂಡುಗಳು ತಾವು ಯಾವ ಕಂಪನಿಗಳ ಷೇರುಗಳನ್ನು ಇಟ್ಟುಕೊಂಡಿವೆ ಎಂಬ ಪಟ್ಟಿಯನ್ನು ಪ್ರತಿ ತಿಂಗಳು ಪ್ರಕಟಿಸುತ್ತವೆ. ಅದನ್ನು ಓದದೆ ಹಣ ಹಾಕಿದವನು ತಿಳಿಯದೆ ಮಾಡಿದೆನೆಂದು ಹೇಳಲು ಬಾರದು. ತಿಳಿಯಲು ಮನಸ್ಸು ಮಾಡದಿರುವುದು ಪ್ರಮಾದ, ಪ್ರಮಾದವೇ ಹಿಂಸೆಯ ಮೂಲ.

ಹಾಗಾದರೆ ಸರ್ಕಾರದ ಖಾತೆ ಶುದ್ಧವೇ ಎಂಬ ಪ್ರತಿಪ್ರಶ್ನೆ ನ್ಯಾಯವಾದುದೇ. ಭವಿಷ್ಯ ನಿಧಿಯ ಹಣ 1999ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಣ್ಣ ಉಳಿತಾಯ ನಿಧಿಗೆ ಸೇರಿ ಅಲ್ಲಿಂದ ಸರ್ಕಾರದ ಸಾಲವಾಗಿ ಹೋಗುತ್ತದೆ. ಸರ್ಕಾರದ ಕಾರ್ಯಗಳಲ್ಲಿ ಆಸ್ಪತ್ರೆಯೂ ಇದೆ, ನೀರಾವರಿಯೂ ಇದೆ, ಶ್ರಾವಕನು ಒಪ್ಪದ ಕಾರ್ಯಗಳೂ ಇವೆ. ಆದರೆ ಗೃಹಸ್ಥನಿಗೆ ವಿಧಿಸಿರುವುದು ಸಂಕಲ್ಪೀ ಹಿಂಸೆಯ ತ್ಯಾಗ. ಇಂಥ ಉದ್ಯಮದಿಂದಲೇ ತನಗೆ ಲಾಭ ಬರಲಿ ಎಂದು ಆರಿಸಿ ಹಣ ಹಾಕುವುದಕ್ಕೂ, ಪ್ರಜೆಯಾಗಿ ರಾಷ್ಟ್ರದ ಒಟ್ಟು ವ್ಯವಹಾರದಲ್ಲಿ ಪಾಲುಗೊಳ್ಳುವುದಕ್ಕೂ ಭಾವದಲ್ಲಿ ಅಂತರವಿದೆ. ದೋಷವೇ ಇಲ್ಲದ ಹಾದಿ ಗೃಹಸ್ಥನಿಗಿಲ್ಲ. ಅಲ್ಪದೋಷದ ಹಾದಿಯನ್ನು ಹುಡುಕುವ ಹೊಣೆ ಇದೆ.

ಆಯ್ಕೆ

ಕೊರವಂಗಲದ ಹುಡುಗಿಯ ಬಳಿಗೆ ಈಗ ಹಿಂದಿರುಗಬಹುದು. ಅವಳು ತಿಂಗಳಿಗೆ ಐದೂವರೆ ಸಾವಿರವನ್ನು ತಂದೆಯ ಸಾಲಕ್ಕೆ ಕಟ್ಟಿದರೆ ಹದಿಮೂರನೆಯ ತಿಂಗಳಲ್ಲಿ ಅಸಲೂ ಬಡ್ಡಿಯೂ ತೀರುತ್ತವೆ. ಮಿಕ್ಕ ಐನೂರನ್ನು ಆಪತ್ತಿಗೆಂದು ಸಾಮಾನ್ಯ ಉಳಿತಾಯ ಖಾತೆಯಲ್ಲಿ ಬಿಡಬಹುದು. ಅವಧಿಯ ಎಣಿಕೆ ಖಾತೆ ತೆರೆದ ವರ್ಷದಿಂದ ಮೊದಲಾಗುವುದರಿಂದ, ಕೇವಲ 500 ರೂಪಾಯಿ ಕಟ್ಟಿ ಅಂಚೆಯಲ್ಲಿ ಭವಿಷ್ಯ ನಿಧಿಯ ಖಾತೆಯೊಂದನ್ನು ಈಗಲೇ ತೆರೆದಿಟ್ಟರೆ ಕಾಲ ಅವಳ ಪರವಾಗಿ ಓಡುತ್ತಿರುತ್ತದೆ. ಸಾಲ ತೀರಿದ ಮೇಲೆ ಆರು ತಿಂಗಳ ಖರ್ಚಿನಷ್ಟು ಹಣ ಸುಲಭವಾಗಿ ಕೈಗೆ ಸಿಗುವಂತೆ ಸೇರಲಿ. ಅನಂತರ, ಹದಿನೈದು ವರ್ಷ ಮುಟ್ಟಬೇಕಾಗಿ ಬಾರದ ಹಣವನ್ನು ಮಾತ್ರ ಭವಿಷ್ಯ ನಿಧಿಗೆ ಕಟ್ಟಲಿ. ಷೇರಿನ ಫಂಡಿಗೆ ಹೋಗಬೇಕೆನಿಸಿದರೆ ಹೋಗಬಾರದೆಂಬ ನಿಷೇಧವಿಲ್ಲ. ಬೆಲೆಯೇರಿಕೆಯನ್ನು ಎದುರಿಸಲು ಅದರ ಉಪಯೋಗವೂ ಇದೆ. ಆದರೆ ಅರ್ಧ ಕರಗಿದರೂ ಮನೆಯ ಒಲೆ ಆರದಷ್ಟು ಮೊತ್ತವನ್ನು, ಪಟ್ಟಿಯನ್ನು ಓದಿ ತಿಳಿದ ಮೇಲೆ, ಹಾಕಲಿ. ಮುಂದೆ ಅವಳಿಗೆ ಹೆಣ್ಣುಮಗುವಾದರೆ ಸುಕನ್ಯಾ ಖಾತೆಯ ವಿಚಾರ ಆಗ ಬರುತ್ತದೆ. ಇವೆಲ್ಲದರ ನಡುವೆ ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಕ್ಕೆ ಮೊದಲ ತಿಂಗಳಿನಿಂದಲೇ, ಹತ್ತು ರೂಪಾಯಿಯಾದರೂ ಸರಿ, ಒಂದು ಪಾಲು ಇರಲಿ. ಸಿರಿ ಬಂದ ಮೇಲೆ ಕೊಡುವೆನೆಂದವರ ಸಿರಿ ಕೊಡುವಷ್ಟು ದೊಡ್ಡದಾಗುವುದೇ ಇಲ್ಲ.

ಈ ಆಯ್ಕೆಯಿಂದ ಅವಳಿಗೆ ಮೊದಲ ವರ್ಷ ತೋರಿಸಿಕೊಳ್ಳುವಂಥ ಅಂಕಿ ಯಾವುದೂ ಇರುವುದಿಲ್ಲ. ಜೊತೆಯವರು ತಮ್ಮ ಫಂಡುಗಳ ಬೆಳವಣಿಗೆಯನ್ನು ಹೇಳಿಕೊಳ್ಳುವಾಗ ಅವಳು ಸುಮ್ಮನಿರಬೇಕಾಗುತ್ತದೆ. ಆದರೆ ಹದಿನಾಲ್ಕನೆಯ ತಿಂಗಳಲ್ಲಿ ಸಾಲದ ಪತ್ರವನ್ನು ತಂದೆ ಹಿಂದಕ್ಕೆ ಪಡೆದು ಮನೆಗೆ ತಂದಾಗ, ತೆರಿಗೆಯೂ ಬೀಳದ, ಏರಿಳಿತವೂ ಇಲ್ಲದ ಲಾಭವೊಂದು ಆ ಮನೆಗೆ ಬಂದಿರುತ್ತದೆ.

ಶ್ರವಣಬೆಳಗೊಳದಲ್ಲಿ 13ನೆಯ ಶತಮಾನದ ಕೆಲವು ಶಾಸನಗಳಿವೆ. ದಾನಿಗಳು ಕೆಲವೇ ಗದ್ಯಾಣಗಳನ್ನು ಮೂಲಧನವಾಗಿ ಇಟ್ಟು, ಅದರ ಬಡ್ಡಿಯಿಂದ ಗೊಮ್ಮಟಸ್ವಾಮಿಯ ಅಭಿಷೇಕಕ್ಕೆ ನಿತ್ಯವೂ ಹಾಲು ಸಲ್ಲುವಂತೆ ಏರ್ಪಾಡು ಮಾಡಿದರು. ಮೊತ್ತ ದೊಡ್ಡದಲ್ಲ. ಹಣ ಯಾರದು, ಎಷ್ಟು, ಯಾತಕ್ಕೆ ಎಂಬ ಮೂರನ್ನೂ ಅವರು ಕಲ್ಲಿನ ಮೇಲೆ ಎಲ್ಲರಿಗೂ ಕಾಣುವಂತೆ ಬರೆಸಿದರು. ಹೊಸದಾಗಿ ಖಾತೆ ತೆರೆಯುವ ಮಕ್ಕಳ ಪಕ್ಕದಲ್ಲಿ ಕುಳಿತು, ಪಾಸ್ ಪುಸ್ತಕದ ಮೊದಲ ಪುಟದಲ್ಲಿ ಆ ಮೂರನ್ನು ಬರೆಯಿಸುವ ಕೆಲಸ ಮನೆಯ ಹಿರಿಯರದು. ಅಷ್ಟಾದರೆ ಬಡ್ಡಿಯ ದರವನ್ನು ಸರ್ಕಾರ ಏರಿಸಿದರೂ ಇಳಿಸಿದರೂ ಆ ಉಳಿತಾಯ ಶ್ರಾವಕನ ಉಳಿತಾಯವಾಗಿಯೇ ಉಳಿಯುತ್ತದೆ.